12½ ಇಂಚು ಬರಬೇಕಾದ ಬ್ಲಾಕು 12¼ಕ್ಕೇ ನಿಂತರೆ: ಕ್ವಿಲ್ಟ್ ಬ್ಲಾಕಿನ ದೋಷ ನಿವಾರಣೆ

ಬಟ್ಟೆ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆ ಕ್ವಿಲ್ಟ್, ಅದರ ಒಂದೊಂದು ಚೌಕ ಒಂದೊಂದು ಬ್ಲಾಕು. ಬ್ಲಾಕಿನ ಅಳತೆ ತಪ್ಪಿದೆ ಎಂದು ಗೊತ್ತಾದ ಕೂಡಲೇ ಕೈ ಕತ್ತರಿಗೆ ಹೋಗುತ್ತದೆ. ಅದನ್ನು ಕೆಳಗಿಡಿ. ಉದ್ದವಾದದ್ದನ್ನು ಕತ್ತರಿಸಿ, ಗಿಡ್ಡವಾದದ್ದನ್ನು ಎಳೆದು ಹೊಲಿದರೆ ಆ ಬ್ಲಾಕು ಹೇಗೋ ಕೂರಬಹುದು, ಆದರೆ ತಪ್ಪು ಎಲ್ಲಿತ್ತು ಎಂಬ ಗುರುತು ಅಳಿಸಿಹೋಗುತ್ತದೆ. 48 ಬ್ಲಾಕಿನ ಹೊದಿಕೆಯಾದರೆ ಉಳಿದ 47ರಲ್ಲೂ ಅದೇ ತಪ್ಪು ಮರುಕಳಿಸುತ್ತದೆ.

ಇಲ್ಲಿ ಉದಾಹರಣೆಗೆ ಅಮೆರಿಕದ ಹಳೆಯ ಮಾದರಿ ಸಾಟೂತ್ ಸ್ಟಾರ್ ತೆಗೆದುಕೊಂಡಿದೆ. ನಡುವೆ ಒಂದು ದೊಡ್ಡ ಚೌಕ, ನಾಲ್ಕು ಮೂಲೆಗೆ ನಾಲ್ಕು ಚಿಕ್ಕ ಚೌಕ, ನಾಲ್ಕು ಬದಿಗೆ ಫ್ಲೈಯಿಂಗ್ ಗೀಸ್ ಎನ್ನುವ ಆಯತ. ಪ್ರತಿ ಆಯತದಲ್ಲಿ ಒಂದು ದೊಡ್ಡ ತ್ರಿಕೋನ, ಅದರ ಎರಡು ಪಕ್ಕಕ್ಕೆ ಚಿಕ್ಕ ತ್ರಿಕೋನಗಳು. ಚೌಕ, ಆಯತ, ಓರೆ ಹೊಲಿಗೆ ಮೂರೂ ಇರುವುದರಿಂದ ಆಗಬಹುದಾದ ತಪ್ಪುಗಳೆಲ್ಲ ಇದೊಂದರಲ್ಲೇ ಸಿಗುತ್ತವೆ.

ಎರಡು ಅಳತೆ, ಎರಡು ಹೆಸರು

ಅರ್ಧಕ್ಕರ್ಧ ಗೊಂದಲ ಹುಟ್ಟುವುದೇ ಇಲ್ಲಿ. ಸುತ್ತಲೂ ಮಾರ್ಜಿನ್, ಅಂದರೆ ಹೊಲಿಗೆಗೆ ಬಿಡುವ ಅಂಚು, ಸೇರಿದ್ದು ಕಚ್ಚಾ ಅಳತೆ. ಅಕ್ಕಪಕ್ಕದ ಬ್ಲಾಕುಗಳಿಗೆ ಜೋಡಿಸಿದ ಮೇಲೆ ಕಣ್ಣಿಗೆ ಕಾಣುವುದು ಪಕ್ಕಾ ಅಳತೆ. ಕ್ವಿಲ್ಟ್ ಕೆಲಸದಲ್ಲಿ ಮಾರ್ಜಿನ್ ಎಲ್ಲ ಕಡೆ ಕಾಲು ಇಂಚು, ರವಿಕೆಗೆ ಬಿಡುವಂತೆ ಮುಕ್ಕಾಲು, ಒಂದು ಇಂಚು ಅಲ್ಲ. ಹಾಗಾಗಿ 12 ಇಂಚಿನ ಬ್ಲಾಕು ಎಂದರೆ ಕಚ್ಚಾ 12½. ಸಾಟೂತ್ ಸ್ಟಾರ್‌ನಲ್ಲಿ ನಡುಚೌಕ ಕಚ್ಚಾ 6½, ಮೂಲೆಚೌಕ 3½, ಗೀಸ್ ಆಯತ 3½ × 6½. ಒಂದು ಸಾಲನ್ನು ಕೂಡಿಸಿ ನೋಡಿ: 3½ + 6½ + 3½ = 13½. ಸಾಲಿನಲ್ಲಿ ಎರಡು ಹೊಲಿಗೆ, ಒಂದೊಂದೂ ಅರ್ಧ ಇಂಚು ನುಂಗುತ್ತದೆ. ಉಳಿದದ್ದು 12½.

ನಿಮ್ಮ ಬ್ಲಾಕು ಸರಿಯಾಗಿ 12 ಇಂಚು ಇದ್ದು, 'ಸರಿಯಾಗೇ ಇದೆಯಲ್ಲ' ಅನ್ನಿಸಿದರೆ ಅದು ಅರ್ಧ ಇಂಚು ಗಿಡ್ಡ ಎಂದೇ ಅರ್ಥ.

ಮೊದಲು ಟೇಪನ್ನೇ ಅನುಮಾನಿಸಿ

ದರ್ಜಿ ಟೇಪು ಮೈಯಳತೆಗೆ ಮಾಡಿದ್ದು. ಬಳಸುತ್ತಾ ಬಳಸುತ್ತಾ ಅದು ಜಗ್ಗುತ್ತದೆ, ತುದಿಯ ಲೋಹದ ಪಟ್ಟಿ ಸಡಿಲವಾಗುತ್ತದೆ. ಸ್ಟೀಲ್ ಸ್ಕೇಲಿನ ಪಕ್ಕದಲ್ಲಿಟ್ಟು 12 ಇಂಚಿನವರೆಗೆ ಹೋಲಿಸಿ. ಕತ್ತರಿಸುವಾಗ ಒಂದು ಸ್ಕೇಲು, ಹೊಲಿದ ಮೇಲೆ ಅಳೆಯಲು ಇನ್ನೊಂದು ಟೇಪು ಬಳಸುವುದೂ ತಪ್ಪು. ಮೊದಲಿನಿಂದ ಕೊನೆಯವರೆಗೆ ಒಂದೇ ಸ್ಕೇಲು.

ಸೆಂಟಿಮೀಟರಿಗೆ ಬದಲಾಯಿಸಿಕೊಂಡವರು ಇಂಚಿಗೆ 2.5 ಎಂದು ಹಿಡಿದಿದ್ದರೆ ದೋಷ ಅಲ್ಲೇ ಸಿಕ್ಕಿತು. ಇಂಚಿಗೆ 2.54 ಸೆಂ.ಮೀ. 12½ ಇಂಚು ಎಂದರೆ 31.75 ಸೆಂ.ಮೀ., 2.5ರಿಂದ ಗುಣಿಸಿದರೆ ಬರುವುದು 31.25. ಹೊಲಿಯುವ ಮೊದಲೇ 5 ಮಿ.ಮೀ. ಹೋಯಿತು. ಮಾದರಿ ಇಂಚಿನಲ್ಲಿದ್ದರೆ ಇಂಚಿನಲ್ಲೇ ಕೆಲಸ ಮಾಡುವುದು ಕ್ಷೇಮ.

ರಟ್ಟಿನ ಅಚ್ಚು ಇಟ್ಟು ಗೀಟು ಹಾಕಿ ಕತ್ತರಿಸುವವರು ಇನ್ನೆರಡು ವಿಷಯ ನೋಡಬೇಕು. ಹತ್ತಿಪ್ಪತ್ತು ಸಲ ಗೀಟು ಹಾಕುವಷ್ಟರಲ್ಲಿ ರಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಹಳೆಯ ಎಕ್ಸ್‌ರೇ ಫಿಲ್ಮು ಅಚ್ಚಿಗೆ ಇದಕ್ಕಿಂತ ಎಷ್ಟೋ ಮೇಲು. ಇನ್ನೊಂದು, ದರ್ಜಿ ಚಾಕಿನ ಮೊಂಡು ಗೀಟೇ 1/16 ಇಂಚು, ಹಳೆ ಲೆಕ್ಕದಲ್ಲಿ ಹೇಳುವುದಾದರೆ ಒಂದು ವೀಸ, ದಪ್ಪ ಇರುತ್ತದೆ. ಗೀಟಿನ ಒಳಗೆ ಕತ್ತರಿಸಿದಿರೋ ಹೊರಗೋ ಎಂಬುದರ ಮೇಲೆ ತುಂಡಿನ ಎರಡೂ ಬದಿ ಸೇರಿ ಅರೆಕಾಲು (⅛) ಇಂಚು ವ್ಯತ್ಯಾಸವಾಗಬಹುದು. ಚೂಪಾದ ಪೆನ್ಸಿಲು ಬಳಸಿ, ಗೀಟಿನ ಮೇಲೇ ಕತ್ತರಿಸಿ.

ಮೂರು ಪಟ್ಟಿಯ ಪರೀಕ್ಷೆ

ತುಂಡುಗಳು ಸರಿಯಾಗಿದ್ದೂ ಬ್ಲಾಕು ಗಿಡ್ಡವಾದರೆ ತಪ್ಪು ಮಾರ್ಜಿನ್‌ನಲ್ಲಿದೆ. ಕಾಲು ಇಂಚು ಎಂದು ನಾವು ಅಂದುಕೊಂಡದ್ದು ನಿಜಕ್ಕೂ ಎಷ್ಟು? 1½ ಇಂಚು ಅಗಲ, 4 ಇಂಚು ಉದ್ದದ ಮೂರು ಪಟ್ಟಿ ಕತ್ತರಿಸಿ, ಉದ್ದದ ಅಂಚಿಗೆ ಅಂಚು ಜೋಡಿಸಿ ಹೊಲಿದು, ಇಸ್ತ್ರಿ ಒತ್ತಿ, ಆಮೇಲೆ ಅಳೆಯಿರಿ. ಇಸ್ತ್ರಿಗೆ ಮುಂಚೆ ಅಳೆದರೆ ಲೆಕ್ಕಕ್ಕಿಲ್ಲ. ನಡುಪಟ್ಟಿ ಸರಿಯಾಗಿ 1 ಇಂಚು, ಒಟ್ಟು ಅಗಲ 3½ ಇಂಚು ಇರಬೇಕು. ನಡುಪಟ್ಟಿ ⅞ ಇಂಚು ಬಂದರೆ ನಿಮ್ಮ ಮಾರ್ಜಿನ್ ಕಾಲು ಇಂಚಲ್ಲ, 5/16. ಒಂದು ವೀಸ ಜಾಸ್ತಿ.

ಒಂದು ವೀಸ ಏನು ಮಹಾ ಅನ್ನಬೇಡಿ. ಪ್ರತಿ ಹೊಲಿಗೆಗೆ ಎರಡು ಮಾರ್ಜಿನ್, ಸಾಲಿಗೆ ಎರಡು ಹೊಲಿಗೆ, ಅಂದರೆ ನಾಲ್ಕು ವೀಸ. ಬ್ಲಾಕು 12½ರ ಬದಲು 12¼. ಅಂಥ ಆರು ಬ್ಲಾಕುಗಳನ್ನು ಅದೇ ಮಾರ್ಜಿನ್‌ನಲ್ಲಿ ಜೋಡಿಸಿದರೆ ಒಂದೊಂದಕ್ಕೆ ಇನ್ನೂ ಎರಡು ವೀಸ ಹೋಗಿ, ಹಾಸಿಗೆಯ ಅಗಲದಲ್ಲಿ ಎರಡು ಇಂಚಿಗೂ ಮೇಲೆ ಕೊರೆ ಬೀಳುತ್ತದೆ. ಲೆಕ್ಕವನ್ನು ತಿರುಗಿಸಿಯೂ ಹಾಕಬಹುದು: ಎಷ್ಟು ಗಿಡ್ಡವಾಗಿದೆಯೋ ಅದನ್ನು ಹೊಲಿಗೆಗಳ ಎಣಿಕೆಯ ಎರಡರಷ್ಟರಿಂದ ಭಾಗಿಸಿ. ಬರುವ ಉತ್ತರ ನಿಮ್ಮ ಮಾರ್ಜಿನ್‌ನ ತಪ್ಪು.

ಸರಿಪಡಿಸಲು ಮಷೀನಿನ ಪಾದದ ಅಂಚನ್ನು ನಂಬಬೇಡಿ, ಎಲ್ಲ ಪಾದಗಳೂ ಕಾಲು ಇಂಚಿಗೆ ಮಾಡಿದ್ದಲ್ಲ. ಸೂಜಿಯನ್ನು ಚಕ್ರ ತಿರುಗಿಸಿ ಕೈಯಿಂದಲೇ ಇಳಿಸಿ, ಗ್ರಾಫ್ ಹಾಳೆಯ ತುಣುಕನ್ನು ಕಾಲು ಇಂಚಿನ ಗೀಟಿಗೆ ಸೂಜಿ ತಾಗುವಂತೆ ಇಡಿ. ಹಾಳೆಯ ಅಂಚು ಬಂದ ಜಾಗದಲ್ಲಿ ಮಷೀನಿನ ಮೇಲೆ ಮೂರ್ನಾಲ್ಕು ಪದರ ಇನ್ಸುಲೇಶನ್ ಟೇಪು ಅಂಟಿಸಿದರೆ ಬಟ್ಟೆ ಒರಗಲು ಕಟ್ಟೆಯಾಗುತ್ತದೆ. ಜಿಗ್‌ಜಾಗ್ ಮಷೀನಿನಲ್ಲಿ ಸೂಜಿಯ ಸ್ಥಾನವನ್ನೇ ಸರಿಸಬಹುದು. ಹಳೆಯ ಕಪ್ಪು ಕಾಲುಮಷೀನಿನಲ್ಲಿ ಸೂಜಿ ಸರಿಯುವುದಿಲ್ಲ, ಆದರೆ ಸೂಜಿಯ ಬಲಕ್ಕೆ ತಳದಲ್ಲಿ ಸ್ಕ್ರೂ ತೂತು ಇರುತ್ತದೆ. ಅದಕ್ಕೆ ಕೂರುವ ಗೈಡ್ ಅಗ್ಗದ ಬೆಲೆಗೆ ಸಿಗುತ್ತದೆ, ಟೇಪಿಗಿಂತ ಗಟ್ಟಿ.

ಕಟ್ಟೆಯನ್ನು ಕಾಲು ಇಂಚಿಗಿಂತ ಒಂದೆರಡು ಎಳೆ ಒಳಗೆ, ಅಂದರೆ ಸೂಜಿಯ ಕಡೆಗೇ ಇಡಿ. ಹೊಲಿಗೆ ಮಗುಚಿದಾಗ ಬಟ್ಟೆಯ ದಪ್ಪಕ್ಕೂ ದಾರದ ದಪ್ಪಕ್ಕೂ ಅಷ್ಟು ಬೇಕಾಗುತ್ತದೆ. ಮತ್ತೆ ಮೂರು ಪಟ್ಟಿ ಹೊಲಿದು ನೋಡಿ. ನಡುಪಟ್ಟಿ 1 ಇಂಚು ಬರುವವರೆಗೆ ಬ್ಲಾಕು ಮುಟ್ಟಬೇಡಿ.

ಮಾರ್ಜಿನ್ ಸರಿ, ಆದರೂ ಗಿಡ್ಡ

ಆಗ ಇಸ್ತ್ರಿ ನೋಡಿ. ಬ್ಲಾಕಿನ ಬೆನ್ನು ಸರಿಯಾಗಿ ಕಂಡರೂ ಮುಂಬದಿಯಲ್ಲಿ ಹೊಲಿಗೆಯ ಪಕ್ಕ ಸಣ್ಣ ಮಡಿಕೆ ಉಳಿದಿರುತ್ತದೆ. ಉಗುರಿನಿಂದ ಹೊಲಿಗೆಯ ಗುಂಟ ಎಳೆದರೆ ಅದು ಬಿಚ್ಚಿಕೊಳ್ಳುವುದು ಕಾಣುತ್ತದೆ. ಮೊದಲು ಹೊಲಿಗೆಯನ್ನು ಮುಚ್ಚಿದಂತೆಯೇ ಒತ್ತಿ, ದಾರ ಬಟ್ಟೆಯೊಳಗೆ ಕೂರಲಿ. ಆಮೇಲೆ ಮುಂಬದಿಯಿಂದ ಬಿಡಿಸಿ ಒತ್ತಿ. ಸೀರೆಗೆ ಮಾಡುವಂತೆ ಪೆಟ್ಟಿಗೆಯನ್ನು ಹಿಂದೆಮುಂದೆ ಎಳೆಯಬಾರದು. ಇಡಬೇಕು, ಎತ್ತಬೇಕು.

ಬಟ್ಟೆ ಹೊಲಿಗೆಯ ಗುಂಟ ಸುಕ್ಕುಗಟ್ಟಿದ್ದರೆ ಸೂಜಿ ಮತ್ತು ಟೆನ್ಶನ್ (ದಾರದ ಬಿಗಿ) ನೋಡಿ. ಕ್ಯಾಂಬ್ರಿಕ್, ಪಾಪ್ಲಿನ್‌ಗೆ 14 ನಂಬರ್ ಸೂಜಿ, ತೆಳು ವಾಯಿಲ್‌ಗೆ 11. ಇಂಚಿಗೆ 10ರಿಂದ 12 ಹೊಲಿಗೆ. ಮೊಂಡಾದ ಸೂಜಿ ಎಳೆಯನ್ನು ಎಳೆದು ಸುಕ್ಕು ಮಾಡುತ್ತದೆ, ಬದಲಾಯಿಸಿ. ಟೆನ್ಶನ್ ತಿರುಪುವುದು ಕೊನೆಯ ಕೆಲಸ, ಮೊದಲಿನದ್ದಲ್ಲ.

ನಕ್ಷತ್ರದ ತುದಿ ಮೊಟಕಾಗಿದೆ

ಹೆಚ್ಚು ತಲೆ ತಿನ್ನುವುದು ಇದೇ. ನಕ್ಷತ್ರದ ಕಿರಣ ಹೊಲಿಗೆಯೊಳಗೆ ಹೂತು ಮೊಂಡಾಗಿ ಕಾಣುತ್ತದೆ, ಇಲ್ಲವೇ ಗೀಸ್‌ನ ಶಿಖರ ನಡುಚೌಕಕ್ಕೆ ತಾಗದೆ ತೇಲುತ್ತದೆ.

ಜೋಡಿಸುವ ಮೊದಲೇ ಗೀಸ್ ಆಯತವನ್ನು ಒಂದೊಂದಾಗಿ ಅಳೆಯಿರಿ. ಅಗಲ 6½, ಎತ್ತರ 3½ ಮಾತ್ರ ಸಾಲದು. ದೊಡ್ಡ ತ್ರಿಕೋನದ ಶಿಖರದಿಂದ ಮೇಲಿನ ಅಂಚಿಗೆ ಸರಿಯಾಗಿ ಕಾಲು ಇಂಚು ಇರಬೇಕು. ಶಿಖರ ಅಂಚಿಗೇ ತಾಗಿದ್ದರೆ ಜೋಡಣೆಯ ಹೊಲಿಗೆ ಅದನ್ನು ತಿನ್ನುವುದು ಖಂಡಿತ, ನೀವು ಎಷ್ಟು ನೇರ ಹೊಲಿದರೂ. ಅರ್ಧ ಇಂಚಿದ್ದರೆ ತೇಲುತ್ತದೆ.

ತಪ್ಪು ಬಂದದ್ದು ಎಲ್ಲಿಂದ? ನಾಲ್ಕು ಗೀಸ್ ಒಟ್ಟಿಗೆ ಮಾಡುವ ಕ್ರಮದಲ್ಲಿ ದೊಡ್ಡ ಚೌಕ 7¼ (ಪಕ್ಕಾ ಅಗಲ 6ಕ್ಕೆ 1¼ ಕೂಡಿಸಿದ್ದು), ಚಿಕ್ಕ ಚೌಕ ನಾಲ್ಕು, ಒಂದೊಂದೂ 3⅞ (ಪಕ್ಕಾ ಎತ್ತರ 3ಕ್ಕೆ ⅞ ಕೂಡಿಸಿದ್ದು). ದೊಡ್ಡ ಚೌಕದ ಎದುರುಬದುರು ಮೂಲೆಗಳಿಗೆ ಎರಡು ಚಿಕ್ಕ ಚೌಕ ಇಟ್ಟು, ಮೂಲೆಯಿಂದ ಮೂಲೆಗೆ ಗೀಟು ಹಾಕಿ, ಗೀಟಿನ ಎರಡೂ ಪಕ್ಕ ಕಾಲು ಇಂಚಿನಲ್ಲಿ ಹೊಲಿದು, ಗೀಟಿನ ಮೇಲೆ ಕತ್ತರಿಸಬೇಕು. ಬಂದ ಎರಡು ಭಾಗಕ್ಕೆ ಉಳಿದ ಎರಡು ಚೌಕ ಇಟ್ಟು ಮತ್ತೆ ಹಾಗೇ. ಈ ಅಳತೆಯಲ್ಲಿ ಒಂದೆಳೆಯಷ್ಟೂ ಉಳಿಕೆಯಿಲ್ಲ, ಹೊಲಿಗೆ ಕೊಂಚ ಅಲುಗಿದರೂ ಆಯತ ಗಿಡ್ಡ. 7½ ಮತ್ತು 4 ಇಂಚಿಗೆ ಕತ್ತರಿಸಿ, ಹೊಲಿದ ಮೇಲೆ ಅಂಚು ಕತ್ತರಿಸಿ 3½ × 6½ಗೆ ಒಪ್ಪ ಮಾಡುವುದು ಲೇಸು. ಬಟ್ಟೆ ಸ್ವಲ್ಪ ಹೆಚ್ಚು ಹೋಗುತ್ತದೆ, ಹೋಗಲಿ. ಒಪ್ಪ ಮಾಡುವಾಗ ಮೊದಲು ಶಿಖರದ ಮೇಲೆ ಕಾಲು ಇಂಚು ಬಿಟ್ಟು ಮೇಲಂಚು, ಆಮೇಲೆ ಶಿಖರವನ್ನು 3¼ರ ಗೀಟಿಗೆ ಇಟ್ಟು ಎರಡು ಪಕ್ಕ, ಕೊನೆಗೆ ತಳ.

ಆಯತದ ಮೇಲೆ ಚೌಕವಿಟ್ಟು ಓರೆಗೆ ಹೊಲಿದು ಮಗುಚುವ ಕ್ರಮದಲ್ಲಿ ಬೇರೆ ದೋಷ. ಸರಿಯಾಗಿ ಗೀಟಿನ ಮೇಲೇ ಹೊಲಿದರೆ ಮಗುಚಿದ ಮೂಲೆ ಆಯತದ ಮೂಲೆಗೆ ಮುಟ್ಟುವುದಿಲ್ಲ, ಮಡಿಕೆ ಅಷ್ಟನ್ನು ತಿಂದಿರುತ್ತದೆ. ಗೀಟಿನಿಂದ ಒಂದೆರಡು ಎಳೆ ಹೊರಗೆ, ಅಂದರೆ ಕತ್ತರಿಸಿ ಬಿಸಾಡುವ ಮೂಲೆಯ ಕಡೆಗೆ ಹೊಲಿಯಿರಿ.

ಗೀಸ್ ಸರಿಯಾಗಿದ್ದೂ ತುದಿ ಹೋದರೆ, ಜೋಡಿಸುವಾಗ ಗೀಸ್ ಕೆಳಗಿತ್ತು ಎಂದೇ ತಿಳಿಯಿರಿ. ಅದು ಮೇಲಿರಲಿ. ಬೆನ್ನಿನಲ್ಲಿ ಎರಡು ಓರೆ ಹೊಲಿಗೆ ಕತ್ತರಿ ಹಾಕಿದಂತೆ ಕೂಡುವ ಬಿಂದು ಕಾಣುತ್ತದೆ. ಹೊಲಿಗೆ ಆ ಬಿಂದುವಿನ ಮೇಲೆ, ಅಥವಾ ಒಂದೆಳೆ ಅಂಚಿನ ಕಡೆಗೆ ಹಾಯಬೇಕು. ಕಟ್ಟೆ ಬೇರೆ ಹೇಳಿದರೂ ಇಲ್ಲಿ ಬಿಂದುವಿನ ಮಾತೇ ನಡೆಯಲಿ.

ಇನ್ನು ಹೊಲಿಗೆ ಶುರುವಾಗುವಾಗಲೇ ತ್ರಿಕೋನದ ಚೂಪು ಮೂಲೆ ಬಟ್ಟೆ ಎಳೆಯುವ ಮಷೀನಿನ ಹಲ್ಲಿನ ಕೆಳಗೆ ನುಂಗಿಹೋಗುವುದು: ಜಿಗ್‌ಜಾಗ್ ಪ್ಲೇಟಿನ ಅಗಲ ತೂತು ಇದಕ್ಕೆ ಕಾರಣ. ಒಂದು ಚಿಂದಿಯ ಮೇಲೆ ನಾಲ್ಕು ಹೊಲಿಗೆ ಹಾಕಿ, ನಿಲ್ಲಿಸದೆ ತುಂಡಿನ ಮೇಲೆ ಹತ್ತಿಸಿ.

ಅಲೆ, ಉಬ್ಬು, ಓರೆ

ಹಾಸಿನ ಎಳೆಯ ದಿಕ್ಕಿಗೆ ಬಟ್ಟೆ ತೀರಾ ಕಡಿಮೆ ಜಗ್ಗುತ್ತದೆ, ಹೊಕ್ಕಿನ ದಿಕ್ಕಿಗೆ ಸ್ವಲ್ಪ, ಕ್ರಾಸ್‌ಗೆ, ಅಂದರೆ ಎಳೆಗಳಿಗೆ ಓರೆಯಾಗಿ, ಕತ್ತರಿಸಿದರೆ ರಬ್ಬರಿನಂತೆ. ಬ್ಲಾಕಿನ ಹೊರಅಂಚು ಅಲೆಯಲೆಯಾಗಿದ್ದರೆ ಯಾವುದೋ ತ್ರಿಕೋನದ ಕ್ರಾಸ್ ಬದಿ ಹೊರಗೆ ಬಂದಿದೆ. ಗೀಸ್‌ನ ದೊಡ್ಡ ತ್ರಿಕೋನದಲ್ಲಿ ಉದ್ದ ಬದಿ ನೇರ ಎಳೆಗಿರಬೇಕು. 7¼ ಚೌಕವನ್ನು ಎರಡೂ ಕರ್ಣಕ್ಕೆ ಕತ್ತರಿಸಿದಾಗ ಅದು ತಾನಾಗಿ ಹಾಗೆ ಬರುತ್ತದೆ. ಬಟ್ಟೆ ಉಳಿಸಲು ತ್ರಿಕೋನಗಳನ್ನು ಅಡ್ಡಾದಿಡ್ಡಿ ಹೊಂದಿಸಿ ಕತ್ತರಿಸಿದವರಿಗೆ ಈ ತೊಂದರೆ ಬರುವುದು.

ಇದಕ್ಕೆ ಮದ್ದು ಗಂಜಿ, ಅದೂ ಕತ್ತರಿಸುವ ಮೊದಲು. ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಅನ್ನು ತಣ್ಣೀರಲ್ಲಿ ಕದಡಿ ಎರಡು ಲೋಟ ನೀರಿನೊಂದಿಗೆ ಕುದಿಸಿ, ಆರಿದ ಮೇಲೆ ಬಟ್ಟೆ ಅದ್ದಿ ಒಣಗಿಸಿ. ಅನ್ನ ಬಸಿದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ತೆಳ್ಳಗೆ ಮಾಡಿದರೂ ನಡೆಯುತ್ತದೆ. ಗಂಜಿ ಹಾಕಿದ ತುಂಡುಗಳನ್ನು ಮಳೆಗಾಲದಲ್ಲಿ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ, ಜಿರಳೆ ಕಡಿಯುತ್ತದೆ.

ಬ್ಲಾಕು ಚೌಕವೋ ಅಲ್ಲವೋ ಎಂಬುದು ಬದಿಗಳನ್ನು ಅಳೆದರೆ ತಿಳಿಯದು, ಕರ್ಣ ಅಳೆಯಬೇಕು. 12½ರ ಚೌಕದ ಎರಡೂ ಕರ್ಣ ಸುಮಾರು 17 11/16 ಇಂಚು. ಒಂದು ಹೆಚ್ಚು, ಒಂದು ಕಡಿಮೆ ಇದ್ದರೆ ಬ್ಲಾಕು ಓರೆಯಾಗಿದೆ. ವ್ಯತ್ಯಾಸ ಅರೆಕಾಲು ಇಂಚಿನೊಳಗಿದ್ದರೆ ನೀರು ಚಿಮುಕಿಸಿ, ಇಸ್ತ್ರಿ ಮೇಜಿನ ಮೇಲೆ ಬರೆದ ಚೌಕಕ್ಕೆ ಗುಂಡುಸೂಜಿಯಿಂದ ಚುಚ್ಚಿ, ಒತ್ತಿ, ಪೂರ್ತಿ ಆರುವವರೆಗೆ ಬಿಡಿ. ಅದಕ್ಕಿಂತ ಹೆಚ್ಚಿದ್ದರೆ ಬಿಚ್ಚುವುದೇ ದಾರಿ.

ಹೊಲಿಗೆಯ ಕೊನೆಗೆ ಮೇಲಿನ ತುಂಡು ಉದ್ದ ಉಳಿಯುವುದು ಕತ್ತರಿಸಿದ ತಪ್ಪಲ್ಲ. ಹಲ್ಲು ಕೆಳಗಿನ ಪದರವನ್ನು ಎಳೆಯುತ್ತದೆ, ಪಾದ ಮೇಲಿನದನ್ನು ತಡೆಯುತ್ತದೆ. ಪಾದದ ಒತ್ತಡ ಸ್ವಲ್ಪ ಸಡಿಲಿಸಿ, ಎರಡು ತುದಿ ಮತ್ತು ನಡುವೆ ಗುಂಡುಸೂಜಿ ಹಾಕಿ. ಎರಡರಲ್ಲಿ ಒಂದು ಕೂದಲೆಳೆ ಉದ್ದವಿದ್ದರೆ ಅದನ್ನು ಕೆಳಗಿಡಿ, ಹಲ್ಲೇ ಸರಿದೂಗಿಸುತ್ತದೆ. ನಾಲ್ಕು ಹೊಲಿಗೆ ಕೂಡುವಲ್ಲಿ ಹೊಂದದಿದ್ದರೆ ಎದುರುಬದುರು ಸಾಲುಗಳ ಮಾರ್ಜಿನ್ ಒಂದೇ ಕಡೆ ಮಗುಚಿರುತ್ತದೆ. ಒಂದು ಸಾಲು ಎಡಕ್ಕೆ, ಮುಂದಿನದು ಬಲಕ್ಕೆ ಒತ್ತಿದರೆ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ.

ಅಳತೆ ಬದಲಿಸಿದ ಬ್ಲಾಕು ಹೊಂದುತ್ತಿಲ್ಲ

12 ಇಂಚಿನ ಮಾದರಿಯನ್ನು 9ಕ್ಕೆ ಇಳಿಸಬೇಕು. ಮುಕ್ಕಾಲು ಪಾಲು ಅಂತ ಎಲ್ಲ ತುಂಡುಗಳ ಕಚ್ಚಾ ಅಳತೆಯನ್ನು 0.75ರಿಂದ ಗುಣಿಸಿದರೆ, ಅಥವಾ ಅಚ್ಚಿನ ಹಾಳೆಯನ್ನು ಜೆರಾಕ್ಸ್ ಅಂಗಡಿಯಲ್ಲಿ 75%ಗೆ ಇಳಿಸಿದರೆ, ಮಾರ್ಜಿನ್ ಕೂಡ ಮುಕ್ಕಾಲಾಗುತ್ತದೆ. ಮಷೀನಿನ ಕಟ್ಟೆ ಮಾತ್ರ ಕಾಲು ಇಂಚಿನಲ್ಲೇ ಇರುತ್ತದೆ. 3½ ಹೋಗಿ 2⅝, 6½ ಹೋಗಿ 4⅞. ಸಾಲು ಕೂಡಿಸಿ, ಹೊಲಿಗೆಯ ಒಂದು ಇಂಚು ಕಳೆದರೆ 9⅛. ಬೇಕಿದ್ದದ್ದು 9½. ⅜ ಇಂಚು ಗಿಡ್ಡ, ಹೊಲಿಗೆಯಲ್ಲಿ ಯಾವ ತಪ್ಪೂ ಇಲ್ಲದೆ.

ಗುಣಿಸಬೇಕಾದ್ದು ಪಕ್ಕಾ ಅಳತೆಯನ್ನು. ಮಾರ್ಜಿನ್ ಆಮೇಲೆ ಕೂಡಿಸಿ. ಸಾಟೂತ್ ಸ್ಟಾರ್ ಅಡ್ಡಕ್ಕೆ ನಾಲ್ಕು ಮನೆಯ ಮಾದರಿ. ಬೇಕಾದ ಪಕ್ಕಾ ಅಳತೆಯನ್ನು ನಾಲ್ಕರಿಂದ ಭಾಗಿಸಿದರೆ ಒಂದು ಮನೆ ಸಿಗುತ್ತದೆ. ಮೂಲೆಚೌಕ ಒಂದು ಮನೆ + ½, ನಡುಚೌಕ ಎರಡು ಮನೆ + ½, ಗೀಸ್‌ನ ದೊಡ್ಡ ಚೌಕ ಎರಡು ಮನೆ + 1¼, ಚಿಕ್ಕ ಚೌಕ ಒಂದು ಮನೆ + ⅞.

9 ಇಂಚಿಗೆ: ಮೂಲೆ 2¾, ನಡು 5, ದೊಡ್ಡದು 5¾, ಚಿಕ್ಕದು 3⅛.
8 ಇಂಚಿಗೆ: ಮೂಲೆ 2½, ನಡು 4½, ದೊಡ್ಡದು 5¼, ಚಿಕ್ಕದು 2⅞.
10 ಇಂಚಿಗೆ: ಮೂಲೆ 3, ನಡು 5½, ದೊಡ್ಡದು 6¼, ಚಿಕ್ಕದು 3⅜.
16 ಇಂಚಿಗೆ: ಮೂಲೆ 4½, ನಡು 8½, ದೊಡ್ಡದು 9¼, ಚಿಕ್ಕದು 4⅞.

ಒಪ್ಪ ಮಾಡಲು ಉಳಿಕೆ ಬೇಕಾದರೆ ದೊಡ್ಡದಕ್ಕೆ ಕಾಲು ಇಂಚು, ಚಿಕ್ಕದಕ್ಕೆ ಅರೆಕಾಲು ಇಂಚು ಮೇಲೆ ಕೂಡಿಸಿ. ಮೂಲೆ, ನಡುವಿನ ಚೌಕಗಳಿಗೆ ಬೇಡ.

ಒಂಬತ್ತು ಚೌಕದ ನೈನ್ ಪ್ಯಾಚ್ ಮೂರು ಮನೆಯದು. ಅದನ್ನು 6, 9, 12, 15ಕ್ಕೆ ಒಯ್ಯುವುದು ಸುಲಭ. 10ಕ್ಕೆ ಇಳಿಸಲು ಹೋದರೆ ಮನೆ 3⅓ ಇಂಚು, ಸ್ಕೇಲಿನಲ್ಲಿ ಅಂಥ ಗೀಟೇ ಇಲ್ಲ. 9 ಇಂಚಿಗೆ ಹೊಲಿದು ಸುತ್ತ ಪಟ್ಟಿ ಕೊಡುವುದು ಜಾಣತನ: ಪಟ್ಟಿಯ ಅಗಲ 1 ಇಂಚು, ಎರಡು 9½ ಉದ್ದ, ಎರಡು 10½ ಉದ್ದ.

ಚಿಕ್ಕದಕ್ಕೆ ಇಳಿಸಿದರೆ ಬಟ್ಟೆ ಉಳಿಯುತ್ತದೆ ಎಂದು ಎಣಿಸಿ ಬಟ್ಟೆ ಸಾಲದೆ ಹೋಗುವುದೂ ಇದೆ. 72 × 96 ಇಂಚಿನ ಮೇಲ್ಹೊದಿಕೆಗೆ 12 ಇಂಚಿನವು 48 ಬ್ಲಾಕು, 8 ಇಂಚಿನವಾದರೆ 108. 3½ರ ಚೌಕದಲ್ಲಿ ಮಾರ್ಜಿನ್‌ಗೆ ಹೋಗುವುದು ಬಟ್ಟೆಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, 2½ರ ಚೌಕದಲ್ಲಿ 36%. ಹೊಲಿಗೆಯೂ ಹೆಚ್ಚು, ಬಟ್ಟೆಯೂ ಹೆಚ್ಚು.

ಒಗೆದ ಮೇಲೆ ಕಾಣಿಸಿಕೊಳ್ಳುವ ದೋಷ

ಹಳೆ ಸೀರೆ, ಪಂಚೆ ಆಗಲೇ ಕುಗ್ಗಿ ಮುಗಿಸಿರುತ್ತವೆ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಎರಡನ್ನೂ ಒಂದೇ ಬ್ಲಾಕಿನಲ್ಲಿ ಸೇರಿಸಿದರೆ ಹಳೆಯದು ಉಬ್ಬುತ್ತದೆ. ಹೊಸ ಬಟ್ಟೆಯಿಂದ 10 × 10 ಇಂಚಿನ ತುಂಡು ಕತ್ತರಿಸಿ, ಬಿಸಿನೀರಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಅಳೆಯಿರಿ. 9½ ಬಂದರೆ 5% ಕುಗ್ಗಿತು, ಅಂಥದ್ದನ್ನು ಪೂರ್ತಿ ಒಗೆದೇ ಕತ್ತರಿಸಬೇಕು. ಒದ್ದೆ ತುಂಡನ್ನು ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿದರೆ ಬಣ್ಣ ಬಿಡುತ್ತದೋ ಎಂಬುದೂ ಆಗಲೇ ಗೊತ್ತಾಗುತ್ತದೆ. ಕೆಂಪು, ಕಡುನೀಲಿ ವಿಷಯದಲ್ಲಿ ಈ ಪರೀಕ್ಷೆ ತಪ್ಪಿಸಬೇಡಿ.

ಹೊಲಿದು ಮುಗಿದಿದೆ, ಒಂದೊಂದೂ ಒಂದೊಂದು ಅಳತೆ

ಅರೆಕಾಲು ಇಂಚಿನ ವ್ಯತ್ಯಾಸವನ್ನು ಗುಂಡುಸೂಜಿ ಹಾಕಿ, ಉದ್ದದ್ದನ್ನು ಕೆಳಗಿಟ್ಟು ಹೊಲಿಗೆಯಲ್ಲೇ ನುಂಗಿಸಬಹುದು. ಕಾಲು ಇಂಚಾದರೆ ಆಗದು. ಎಲ್ಲವನ್ನೂ ಅತಿ ಗಿಡ್ಡದರ ಅಳತೆಗೆ ಕತ್ತರಿಸಿದರೆ ಉಳಿದ ನಕ್ಷತ್ರಗಳ ತುದಿಯೆಲ್ಲ ಹೋಗುತ್ತದೆ. ಬದಲಿಗೆ ಎಲ್ಲ ಬ್ಲಾಕುಗಳ ಸುತ್ತ 1½ ಇಂಚು ಅಗಲದ ಪಟ್ಟಿ ಹೊಲಿಯಿರಿ. 12¼ ಇದ್ದದ್ದು 14¼ ಆಗುತ್ತದೆ, 12½ ಇದ್ದದ್ದು 14½. ಈಗ ಎಲ್ಲವನ್ನೂ ನಡುಬಿಂದುವಿನಿಂದ ಎರಡೂ ಕಡೆ 7 ಇಂಚು ಅಳೆದು 14ಕ್ಕೆ ಕತ್ತರಿಸಿ. ಪಟ್ಟಿ ಒಂದರಲ್ಲಿ ⅞, ಇನ್ನೊಂದರಲ್ಲಿ ¾ ಕಾಣುತ್ತದೆ. ಪಟ್ಟಿಯ ಬಣ್ಣ ಬ್ಲಾಕಿನ ಹಿನ್ನೆಲೆಯದ್ದೇ ಆಗಿದ್ದರೆ ಯಾರ ಕಣ್ಣಿಗೂ ಬೀಳದು, ಗಾಢ ಬಣ್ಣವಾದರೆ ಬೀಳುತ್ತದೆ.

ಕೈಮೀರಿ ವಿಕಾರವಾದ ಬ್ಲಾಕುಗಳಿಗೆ ಇನ್ನೊಂದು ದಾರಿ ಉಂಟು, ಅದು ನಮ್ಮ ಕಡೆಯದೇ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯಲ್ಲಿ ಬ್ಲಾಕೆಂಬುದೇ ಇಲ್ಲ. ತಳದ ಬಟ್ಟೆಯ ಅಂಚಿನಿಂದ ಶುರುಮಾಡಿ, ತುಂಡಿನ ಅಂಚು ಒಳಗೆ ಮಡಚುತ್ತಾ, ಎಲ್ಲ ಪದರ ಸೇರಿಸಿ ಕೈಹೊಲಿಗೆ ಹಾಕುತ್ತಾ ನಡುವಿಗೆ ಬರುತ್ತಾರೆ. ತುಂಡು ಎಷ್ಟು ದೊಡ್ಡದಿರಬೇಕೆಂದು ಪಕ್ಕದ ತುಂಡು ಹೇಳುತ್ತದೆ, ಸ್ಕೇಲಲ್ಲ. ನಿಮ್ಮ ಹಾಳಾದ ಬ್ಲಾಕನ್ನು ಹಾಗೇ ಒಂದು ತುಂಡೆಂದು ಹಿಡಿದು ಅಂಚು ಮಡಚಿ ಕೂರಿಸಬಹುದು. ಮಡಿಕೆ ಕಾಲು ಇಂಚಿಗಿಂತ ಕಡಿಮೆಯಾಗದಿರಲಿ, ಇಲ್ಲದಿದ್ದರೆ ಎರಡು ಒಗೆತಕ್ಕೆ ಅಂಚು ಪಿಸಿದು ಹೊರಬರುತ್ತದೆ.